ಸೊಪ್ಪಿನ ಬೆಟ್ಟದಿಂದ ಗಜನಿಯವರೆಗೆ



ಊಟವಾದ ಮೇಲೆ ನೀವು ಬಾಯಿಗೆ ಹಾಕಿಕೊಳ್ಳುವ ಅಡಿಕೆಯ ಹೋಳು ಯಾವ ಮಣ್ಣಿನಲ್ಲಿ ಬೆಳೆಯಿತೆಂದು ಎಂದಾದರೂ ಆಲೋಚಿಸಿದ್ದುಂಟೆ? ತೋಟದ ಮಣ್ಣಿನಲ್ಲಿ ಎಂದರೆ ಅದು ಅರ್ಧ ಉತ್ತರವಾಯಿತು. ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಕಡೆಗೋ ಸಿದ್ದಾಪುರದ ಕಡೆಗೋ ಹೋಗಿ ಅಲ್ಲಿಯ ತೋಟಿಗರನ್ನು ಕೇಳಿ ನೋಡಿ. ಅವರು ಕೈ ಎತ್ತಿ ತೋಟದ ಮೇಲಿರುವ ಗುಡ್ಡವನ್ನು ತೋರಿಸುತ್ತಾರೆ. ಉಳಿದರ್ಧ ಉತ್ತರ ಅಲ್ಲಿದೆ.

ಪಡುವಲಿಗೆ ಕಡಲು, ಮೂಡಲಿಗೆ ಬಯಲು, ನಡುವೆ ಸಹ್ಯಾದ್ರಿ. ಇದು ಈ ಜಿಲ್ಲೆಯ ರೂಪ. ಸುಮಾರು ಹತ್ತು ಸಾವಿರ ಚದರ ಕಿಲೋಮೀಟರ್ ವಿಸ್ತಾರದಲ್ಲಿ ಬಹುಪಾಲು ಅರಣ್ಯ. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಈ ನಾಡು 1956ರ ನವೆಂಬರ್ 1ರಂದು ಕನ್ನಡ ರಾಜ್ಯದೊಂದಿಗೆ ಒಂದಾಯಿತು. ನೇಗಿಲಿಗೆ ದಕ್ಕುವ ನೆಲ ಇಲ್ಲಿ ಸ್ವಲ್ಪ. ಆದುದರಿಂದಲೇ ಇಲ್ಲಿಯ ಜನ ಒಂದೊಂದು ಬಗೆಯ ನೆಲಕ್ಕೂ ಒಂದೊಂದು ಹೆಸರಿಟ್ಟು, ಒಂದೊಂದು ಕೆಲಸ ಗೊತ್ತುಮಾಡಿದರು. ನಿತ್ಯಹಸುರಿನ ದಟ್ಟ ಕಾಡು ಕಾನು. ಹುಲ್ಲು ಬೆಳೆಯುವ ನೆಲ ಬೇಣ. ಸೊಪ್ಪು ಕೊಯ್ಯುವ ಕಾಡು ಬೆಟ್ಟ. ಅಳಿವೆಯ ಉಪ್ಪುನೀರಿನ ಗದ್ದೆ ಗಜನಿ. ಉಳಿದ ಕನ್ನಡನಾಡಿಗೆ ಬೆಟ್ಟವೆಂದರೆ ಎತ್ತರದ ಗಿರಿ. ಶಿರಸಿಯ ರೈತರಿಗೆ ಅದು ಗೊಬ್ಬರದ ಕಣಜ.

ಈ ಕಣಜಕ್ಕೆ ಲೆಕ್ಕವೂ ಉಂಟು. ಆಂಗ್ಲರ ಕಾಲದಿಂದ ಬಂದ ನಿಯಮದಂತೆ ಘಟ್ಟದ ಮೇಲಿನ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ದೊರೆಯುತ್ತಿತ್ತು. ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟಿಗರದು. ಮಳೆಗಾಲದಲ್ಲಿ ಮತ್ತಿ, ನೇರಳೆ ಮೊದಲಾದ ಮರಗಳ ಹಸಿ ಸೊಪ್ಪು, ಬೇಸಗೆಯಲ್ಲಿ ಗುಡಿಸಿ ತಂದ ದರಕು, ಇವು ಕೊಟ್ಟಿಗೆಗೆ ಹಾಸಾಗುತ್ತವೆ. ದನಗಳ ಸೆಗಣಿ, ಗಂಜಲಗಳೊಡನೆ ಬೆರೆತು ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತವೆ. ಆ ಅಡಿಕೆಯ ಮರವನ್ನು ಮೆಣಸಿನ ಬಳ್ಳಿ ತಬ್ಬುತ್ತದೆ. ನೆರಳಿನಲ್ಲಿ ಏಲಕ್ಕಿ ಬೆಳೆಯುತ್ತದೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಹಡಗಿಗೇರಿದ ಆ ಮೆಣಸಿನ ಹಿಂದೆ ಇಂಥ ಕಾಡಿನ ಎಲೆ, ನೆರಳು, ನೀರುಗಳೇ ಇದ್ದುವೆಂಬುದನ್ನು ನಾವು ಮರೆಯಲಾಗದು.

ಕಾಡು ಹಿಡಿದಿಟ್ಟ ನೀರು ತೋಟದಲ್ಲಿ ನಿಲ್ಲುವುದಿಲ್ಲ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿಯನ್ನೇ ನೋಡಿ. ಅಘವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ. ಅಣೆಕಟ್ಟಿನ ಬಂಧನವಿಲ್ಲದ ಈ ನದಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟವಿಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಕೂಡುತ್ತದೆ. ಅಲ್ಲಿವೆ ಗಜನಿಗಳು. ಮುಂಗಾರಿನ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ ರೈತರು ಕಗ್ಗವೆಂಬ ಭತ್ತವನ್ನು ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ತಳಿ ಇದು. ರಾಸಾಯನಿಕ ಗೊಬ್ಬರವನ್ನು ಬೇಡದು. ಕೊಯ್ಲಿನಲ್ಲಿ ನೀರಿನಲ್ಲೇ ನಿಂತು ತೆನೆಯನ್ನಷ್ಟೇ ಕೊಯ್ಯುತ್ತಾರೆ. ಉಳಿದ ಹುಲ್ಲು ಕೊಳೆತು ಮೀನು, ಸಿಗಡಿಗಳಿಗೆ ಆಹಾರವಾಗುತ್ತದೆ. ಒಂದೇ ಗದ್ದೆ ಅನ್ನವನ್ನೂ ಕೊಡುತ್ತದೆ, ಮೀನನ್ನೂ ಕೊಡುತ್ತದೆ.

ಹೀಗೆ ಬೆಟ್ಟ, ತೋಟ, ನದಿ, ಗಜನಿಗಳು ಒಂದೇ ಅವಿಭಕ್ತ ಕುಟುಂಬ. ಒಬ್ಬರು ಹೆಚ್ಚು ಖರ್ಚುಮಾಡಿದರೆ ಎಲ್ಲರಿಗೂ ಸಾಲ. ಮಿತಿಮೀರಿ ಸವರಿದ ಬೆಟ್ಟಗಳು ಕುರುಚಲಾದುವು. ದನ ಕಡಿಮೆಯಾದಲ್ಲಿ ಕೊಟ್ಟಿಗೆ ಬರಿದಾಯಿತು. ಪೇಟೆಯ ಗೊಬ್ಬರದ ಚೀಲ ಬಂದಿತು. ಒಡ್ಡು ಒಡೆದ ಗಜನಿಗಳಲ್ಲಿ ಕಗ್ಗ ಹಿಂದೆ ಸರಿದು, ಸಿಗಡಿ ಸಾಕಣೆಯೊಂದೇ ಉಳಿದ ಕಡೆಗಳೂ ಉಂಟು. ಗುಡ್ಡಗಳು ನೆಲೆತಪ್ಪುತ್ತಿರುವುದನ್ನೂ ಕಂಡಿದ್ದೇವೆ. 2021ರ ಜುಲೈ ತಿಂಗಳ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಭೂಮಿ ಜರಿದು ತೋಟಗಳು ಹಾಳಾದುವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಿತು. ಹಲವರು ಪ್ರಾಣ ನೀಗಿದರು.

ಎಚ್ಚರವೂ ಈ ಜನರಿಂದಲೇ ಹುಟ್ಟಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಡಿಯಲು ಬಂದ ಕೊಡಲಿಗಳ ಮುಂದೆ ಮರಗಳನ್ನು ಅಪ್ಪಿ ನಿಂತರು. ಅದು ಅಪ್ಪಿಕೋ ಚಳವಳಿಯಾಯಿತು. ಅಘನಾಶಿನಿಯ ಅಳಿವೆ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸರ್ ತಾಣವೆಂದು ಮನ್ನಣೆ ಪಡೆಯಿತು. ಆದರೆ ಮನ್ನಣೆಯ ಪತ್ರ ಒಡ್ಡು ಕಟ್ಟುವುದಿಲ್ಲ, ಗಿಡ ನೆಡುವುದಿಲ್ಲ. ಅದಕ್ಕೆ ಕೈಗಳು ಬೇಕು. ಆ ಕೈಗಳು ಕೆಲಸ ಹುಡುಕಿ ನಗರಕ್ಕೆ ಬಂದಿವೆ.

ಬೇಣವೆಂದರೇನೆಂದು ತರಗತಿಯಲ್ಲಿ ಕೇಳಿದರೆ ರೈತರ ಮಕ್ಕಳೂ ಈಗ ಸುಮ್ಮನಾಗುತ್ತಾರೆ. ಭಾಷೆ ಕಲಿಸುವ ನನಗೆ ಇದು ಸಣ್ಣ ಸಂಗತಿಯೆನಿಸದು. ಕಾನು, ಬೇಣ, ಬೆಟ್ಟ ಎಂದು ಬೇರೆಬೇರೆ ಕರೆದವರು ಯಾವುದರಿಂದ ಎಷ್ಟು ತೆಗೆಯಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನೂ ಅರಿತಿದ್ದರು. ಎಲ್ಲವೂ ಬರಿಯ ಜಾಗವಾದಾಗ ಆ ವಿವೇಕಕ್ಕೂ ನಿಲ್ಲಲು ನೆಲವಿರದು.

ನಿಮ್ಮಲ್ಲಿ ಯಾರ ಮೂಲ ಅಂಥ ಊರಿನಲ್ಲಿದೆಯೋ ಅವರು ಈ ಸಲ ಊರಿಗೆ ಹೋದಾಗ ಮಕ್ಕಳನ್ನು ತೋಟದ ಅಂಚಿನಲ್ಲೇ ನಿಲ್ಲಿಸದೆ ಬೆಟ್ಟದವರೆಗೂ ಕರೆದೊಯ್ಯಿರಿ. ಹಿರಿಯರಿಂದ ಹೆಸರುಗಳನ್ನು ಹೇಳಿಸಿರಿ. ಸಾಧ್ಯವಾದರೆ ಸೊಪ್ಪು ಕೊಯ್ದ ಬೋಳು ಜಾಗದಲ್ಲಿ ಒಂದು ಮತ್ತಿಯ ಸಸಿಯನ್ನು ಅವರ ಕೈಯಿಂದಲೇ ನೆಡಿಸಿರಿ. ಅಜ್ಜಂದಿರು ತೆಗೆದ ಸೊಪ್ಪಿನ ಸಾಲ ಅಷ್ಟರಮಟ್ಟಿಗೆ ತೀರೀತು.