ಮೈದಾನದ ಅಳತೆ ಒಂದೇ



ನಮ್ಮ ಹಿಂದೂಪುರಕ್ಕೆ ಸಮೀಪದ ಬೆಂಗಳೂರಿನ ಕಾಲ್ಚೆಂಡಾಟದ ಒಂದು ಸಂಗತಿಯನ್ನು ಈ ಕ್ರೀಡಾದಿನದಂದು ನೆನೆಯೋಣ. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಪಾರಿತೋಷಕವನ್ನು ದಶಕಗಳ ಕಾಲ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದವು. 1937ರ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1–0ರಿಂದ ಸೋಲಿಸಿ, ಅದನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ಗೋಲು ಒಂದೇ, ಆದರೆ ಆ ಪಾರಿತೋಷಕವು ಆಳುವವರಿಗೇ ಮೀಸಲೆಂಬ ಭಾವನೆ ಅಂದು ಅಳಿಯಿತು. 1938ರಲ್ಲಿಯೂ ಅದೇ ತಂಡ ಗೆದ್ದಾಗ, ಮೊದಲ ಜಯವು ಕೇವಲ ಅದೃಷ್ಟದ ಫಲವಲ್ಲವೆಂಬುದು ಸಿದ್ಧವಾಯಿತು.

ಪೋಷಕರೇ, ಸಂಜೆಯ ಆಟವನ್ನು ಓದಿನ ಶತ್ರುವೆಂದೆಣಿಸಬೇಡಿರಿ. ಮಕ್ಕಳೇ, ಗಡಿನಾಡಿನ ಕನ್ನಡ ಶಾಲೆಯವರೆಂದು ಕುಗ್ಗಬೇಡಿರಿ. ಎದುರಾಳಿಯ ಹೆಸರು ದೊಡ್ಡದಿರಬಹುದು. ಮೈದಾನದ ಅಳತೆ ಇಬ್ಬರಿಗೂ ಒಂದೇ.