ವಕಾಲತ್ತಿಗೆ ಸಹಿ ಹಾಕುವ ಮುನ್ನ

ತೆಂಗಿನ ತೋಟದ ಪಾಲಿನ ದಾವೆಯಲ್ಲಿ ಒಂದು ತೊಡಕಿದೆ. ಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ ಬಿದ್ದರೂ ಮರ ಕಾಯಿ ಬಿಡುವುದನ್ನು ನಿಲ್ಲಿಸುವುದಿಲ್ಲ. ಕಾಯಿ ಅಟ್ಟ ಸೇರುತ್ತದೆ, ಉಂಡೆ ಕೊಬ್ಬರಿಯಾಗಿ ತಿಪಟೂರು ಎಪಿಎಂಸಿಯಲ್ಲಿ ಹರಾಜಾಗುತ್ತದೆ. ದುಡ್ಡು ಮಾತ್ರ ತೋಟ ಯಾರ ಕೈಯಲ್ಲಿದೆಯೋ ಅವರಿಗೇ. ಹಾಗಾಗಿ ಹೊನ್ನವಳ್ಳಿಯಿಂದಲೋ ನೊಣವಿನಕೆರೆಯಿಂದಲೋ ವಕೀಲರನ್ನು ಹುಡುಕಿಕೊಂಡು ಬರುವ ಹೆಣ್ಣುಮಕ್ಕಳು ಎರಡೇ ಪ್ರಶ್ನೆ ಹಿಡಿದು ಬರುತ್ತಾರೆ: ಪಾಲು ಸಿಗುತ್ತಾ? ಫೀಸು ಎಷ್ಟು?

ಮೊದಲ ಪ್ರಶ್ನೆಗೆ ಉತ್ತರ ಕಾಗದಪತ್ರದಲ್ಲಿದೆ. ಕರ್ನಾಟಕ 1994ರಲ್ಲೇ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು, ಆದರೆ ಆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆ ವೇಳೆಗೆ ತಂದೆ ತೀರಿಹೋಗಿದ್ದರೂ ಹಕ್ಕು ಹೋಗದು ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಮಾತು ಬೇರೆ. ಪಂಚರ ಮುಂದೆ ಬಾಯಿಮಾತಿನಲ್ಲಾದ ಪಾಲಿಗೆ ಸರ್ಕಾರಿ ದಾಖಲೆಗಳ ಬೆಂಬಲವಿಲ್ಲದಿದ್ದರೆ ಅದು ನಿಲ್ಲುವುದು ಕಷ್ಟ. ಆದ್ದರಿಂದ ವಕೀಲರ ಬಳಿ ಹೋಗುವಾಗ ಪಹಣಿ, ಮ್ಯುಟೇಷನ್, ವಂಶವೃಕ್ಷ, ಹಳೆಯ ಪಾಲುಪಟ್ಟಿ ಕೈಯಲ್ಲಿರಲಿ.

ಫೀಸಿನಲ್ಲಿ ಎರಡು ಬಗೆ. ಕೋರ್ಟ್ ಶುಲ್ಕ ಸರ್ಕಾರಕ್ಕೆ. ಆಸ್ತಿ ಜಂಟಿ ಸ್ವಾಧೀನದಲ್ಲಿದ್ದರೆ 1958ರ ಕರ್ನಾಟಕ ಕಾಯ್ದೆಯಂತೆ ಪಾಲಿನ ದಾವೆಗೆ ಗರಿಷ್ಠ 200 ರೂಪಾಯಿ. ಸ್ವಾಧೀನದಿಂದ ಹೊರದಬ್ಬಿದ್ದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ. ವಕೀಲರ ಫೀಸು ಮಾತುಕತೆಯ ವಿಷಯ. ಅದು ತಡೆಯಾಜ್ಞೆಯ ಅರ್ಜಿಗೂ ಸೇರಿದೆಯೇ, ಪ್ರಾಥಮಿಕ ಡಿಕ್ರಿ ಆದಮೇಲೆ ತೋಟವನ್ನು ಅಳೆದು ಪಾಲು ಬಿಡಿಸಿಕೊಳ್ಳುವ ಅಂತಿಮ ಡಿಕ್ರಿಯವರೆಗೂ ಸಲ್ಲುತ್ತದೆಯೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಕೊಟ್ಟ ದುಡ್ಡಿಗೆ ರಸೀದಿ ಕೇಳಲು ಸಂಕೋಚ ಬೇಡ. ‘ಗೆದ್ದರೆ ಇಷ್ಟು ಗುಂಟೆ’ ಎಂಬ ಒಪ್ಪಂದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಜಾಗವಿಲ್ಲ.

ದುಡ್ಡೇ ಇಲ್ಲದಿದ್ದರೆ? ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.

ಗಂಡ-ಹೆಂಡಿರ ವ್ಯಾಜ್ಯದಲ್ಲಿ, ಹಿಂದೂ ವಿವಾಹ ಕಾಯ್ದೆಯಡಿ ಅರ್ಜಿ ಹಾಕುವ ಹೆಂಡತಿ ಗಂಡನ ಊರಿನ ಕೋರ್ಟಿಗೇ ಅಲೆಯಬೇಕಿಲ್ಲ, ತಾನು ವಾಸವಿರುವ ಕಡೆಯೇ ಹಾಕಬಹುದು. ಜೀವನಾಂಶ ಕೇಳಿದರೆ ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ ಸಲ್ಲಿಸಬೇಕೆಂಬುದು 2020ರ ರಜನೀಶ್–ನೇಹಾ ತೀರ್ಪು. ತೋಟದ ಇಳುವರಿ, ಕೊಬ್ಬರಿ ಮಾರಿದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತವೆ.

ದಾವೆಯ ಸಮನ್ಸ್ ಬಂದವರು ಅದನ್ನು ಗೂಡಿನಲ್ಲಿ ಸಿಕ್ಕಿಸಿ ಮರೆಯುವಂತಿಲ್ಲ. ಪ್ರತಿವಾದ ಪತ್ರಕ್ಕೆ 30 ದಿನ ಗಡುವು. ಕೋರ್ಟ್ ಒಪ್ಪಿದರೆ 90ರವರೆಗೆ.

ವಕೀಲರನ್ನು ಬದಲಿಸಬಹುದೇ ಎಂಬುದು ಜನ ದನಿ ತಗ್ಗಿಸಿ ಕೇಳುವ ಪ್ರಶ್ನೆ. ಬದಲಿಸಬಹುದು. ಭೋಪಾಲದ ಸಹಕಾರಿ ಬ್ಯಾಂಕೊಂದರ ವಕೀಲರು ಬಾಕಿ ಫೀಸು ಕೊಡುವ ತನಕ ಕಡತ ಕೊಡೆನೆಂದು ಪಟ್ಟು ಹಿಡಿದಿದ್ದರು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಫೀಸಿಗಾಗಿ ಕಕ್ಷಿದಾರನ ಕಡತ ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಬಾಕಿಯನ್ನು ಬೇರೆ ದಾರಿಯಲ್ಲಿ ವಸೂಲು ಮಾಡಿಕೊಳ್ಳಲಿ ಎಂದು 2000ದಲ್ಲಿ ತೀರ್ಪಾಯಿತು. ಆದರೂ ಮೂಲ ಪತ್ರಗಳ ಜೆರಾಕ್ಸ್ ಮನೆಯಲ್ಲಿರುವುದು ಒಳ್ಳೆಯದು. ದಾವೆಯ ಸಿಎನ್ಆರ್ ನಂಬರ್ ಬರೆದಿಟ್ಟುಕೊಂಡರೆ ಮುಂದಿನ ವಾಯಿದೆ ಯಾವಾಗ ಎಂಬುದು ಇ-ಕೋರ್ಟ್ಸ್ ಆ್ಯಪ್‌ನಲ್ಲೇ ಸಿಗುತ್ತದೆ.

ಕೊನೆಗೆ ಲೋಕ ಅದಾಲತ್. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ಸು, ಆದರೆ ಮೇಲ್ಮನವಿಗೆ ಅವಕಾಶವಿಲ್ಲ. ಅದಕ್ಕೇ ರಾಜಿ ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ವಕೀಲರಿಂದ ಪೂರ್ತಿ ಓದಿಸಿ ಕೇಳಬೇಕು: ಸರ್ವೆ ನಂಬರು, ಚಕ್ಕುಬಂದಿ, ಬೋರ್‌ವೆಲ್ ನೀರಿನ ಸರದಿ, ತೋಟಕ್ಕೆ ಬಂಡಿ ಹೋಗುವ ದಾರಿ, ದಾವೆ ನಡೆದಷ್ಟು ಕಾಲ ಇಳಿಸಿಕೊಂಡ ಕಾಯಿಯ ಲೆಕ್ಕ.