ಕೇಪ್‌ಟೌನಿನ ಬೀದಿಯಲ್ಲಿ ಕೇಳಿದ ಮರದ ದನಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು'. ಅದನ್ನು ಮಕ್ಕಳು ಊಟದ ನಂತರ ಬಂದು ಕೇಳಿದರೆ ಕೂತು ಹೇಳುತ್ತೇನೆ. ಈಗ ಬೇರೆ ಒಂದು ಮಾತು ಹೇಳಲು ಅಪ್ಪಣೆ ಕೊಡಿ.

2018ರ ಫೆಬ್ರವರಿಯಲ್ಲಿ ಕಂಪನಿ ಕೆಲಸದ ಮೇಲೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿಗೆ ಹೋಗಿದ್ದೆ. ಆಗ ಅಲ್ಲಿ ಭೀಕರ ಬರ. ಒಬ್ಬರಿಗೆ ದಿನಕ್ಕೆ 50 ಲೀಟರ್ ನೀರು ಎಂದು ನಗರಾಡಳಿತ ಮಿತಿ ಹಾಕಿತ್ತು. ಬೋರ್‌ವೆಲ್ ಕೈಕೊಡುವ ಊರಿನಲ್ಲಿ ಬೆಳೆದ ನನಗೆ ಅದೇನೂ ಹೊಸದಲ್ಲ. ಜೊತೆಗಿದ್ದ ಬೆಂಗಳೂರಿನ ಹುಡುಗ ಮಾತ್ರ ಒದ್ದಾಡಿಹೋದ.

ಮೊದಲ ಶನಿವಾರ ಸಂಜೆ ಸೇಂಟ್ ಜಾರ್ಜಸ್ ಮಾಲ್ ಎಂಬ ಬೀದಿಯಲ್ಲಿ ನಡೆಯುತ್ತಿದ್ದೆ. ಹೆಸರು ಮಾಲ್ ಆದರೂ ಅದು ಅಂಗಡಿ ಕಟ್ಟಡವಲ್ಲ, ವಾಹನ ಬಿಡದ ಕಾಲ್ನಡಿಗೆಯ ಬೀದಿ. ದೂರದಿಂದ ಏನೋ ಶಬ್ದ. ಕಿವಿಗೆ ಬೀಳುವ ಮೊದಲೇ ಎದೆಗೆ ಬಡಿಯಿತು ಎಂದರೆ ತಪ್ಪಿಲ್ಲ. ಹತ್ತಿರ ಹೋದರೆ ಏಳು ಜನ ಹುಡುಗರು. ಐದು ಮಾರಿಂಬಾ, ಒಂದು ಡ್ರಮ್, ಒಬ್ಬನ ಕೈಯಲ್ಲಿ ಬೀಜ ತುಂಬಿದ ಸೋರೆ ಬುರುಡೆ. ಮುಂದೆ ಒಂದು ಪೇಂಟ್ ಡಬ್ಬಿ, ಚಿಲ್ಲರೆ ಹಾಕಲು.

ಮಾರಿಂಬಾ ಎಂದರೆ ಸಾಲಾಗಿ ಜೋಡಿಸಿದ ಮರದ ಪಟ್ಟಿಗಳು. ರಬ್ಬರ್ ಉಂಡೆ ಸಿಕ್ಕಿಸಿದ ಕೋಲಿನಿಂದ ಬಡಿಯುತ್ತಾರೆ. ನಮ್ಮ ಕಾಷ್ಠತರಂಗ ನೋಡಿದವರಿಗೆ ಹತ್ತಿರದ ಗುರುತು ಸಿಗುತ್ತದೆ. ಪ್ರತಿ ಪಟ್ಟಿಯ ಕೆಳಗೂ ಒಂದೊಂದು ಕೊಳವೆ. ಬಗ್ಗಿ ನೋಡಿದೆ, ನಾವು ತೋಟಕ್ಕೆ ಎಳೆಯುವ ಅದೇ ಪಿವಿಸಿ ಪೈಪು! ಕೊಳವೆಯ ಪಕ್ಕಕ್ಕೆ ತೂತು ಮಾಡಿ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಬಡಿದಾಗ ಅದು ಅದುರಿ, ನಾದದ ಜೊತೆ ಜೀರುಂಡೆಯಂಥ ಝೇಂಕಾರ ಸೇರುತ್ತದೆ. ನಾವಾದರೆ ಅದನ್ನು ದೋಷ ಎಂದು ರಿಪೇರಿ ಮಾಡುತ್ತಿದ್ದೆವು. ಅವರಿಗೆ ಅದಿಲ್ಲದಿದ್ದರೆ ದನಿ ಸಪ್ಪೆ.

ಒಬ್ಬೊಬ್ಬನ ಕೈಯನ್ನೇ ನೋಡಿದರೆ ನಾಲ್ಕೈದು ಸ್ವರ, ಅದನ್ನೇ ತಿರುಗಿ ತಿರುಗಿ ಬಾರಿಸುತ್ತಾನೆ. ಇಷ್ಟೇನಾ ಅನಿಸುತ್ತದೆ. ಆದರೆ ಒಬ್ಬನ ಪೆಟ್ಟುಗಳ ನಡುವಿನ ಬಿಡುವಿನಲ್ಲಿ ಇನ್ನೊಬ್ಬನ ಪೆಟ್ಟು ಬೀಳುತ್ತದೆ. ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕಿದ ಹಾಗೆ. ಕೇಳುವ ರಾಗ ಯಾರೊಬ್ಬರ ಕೈಯಲ್ಲೂ ಇರುವುದಿಲ್ಲ, ನಡುವೆ ಎಲ್ಲೋ ಹುಟ್ಟುತ್ತದೆ. ನಾನು ಇದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಟೆಲಿನಲ್ಲಿ ಹಾಕಿದೆ. ತಗಡು ಬಡಿದಂತೆ ಕೇಳಿತು. ಅತಿ ದೊಡ್ಡ ಮಾರಿಂಬಾದ ದನಿ ಪಾದದಿಂದ ಏರಬೇಕು, ಆ ಫೋನಿಗೆ ಪಾದವಿಲ್ಲ.

ಆ ದೊಡ್ಡದನ್ನು ನುಡಿಸುವ ಹುಡುಗ ಪೆಟ್ಟಿಗೆಯ ಮೇಲೆ ನಿಂತಿದ್ದ. ಕಾರಣ ಕೊಳವೆಯ ಉದ್ದ. ಒಂದು ತುದಿ ಮುಚ್ಚಿದ ಕೊಳವೆ ಸೆಕೆಂಡಿಗೆ 262 ಕಂಪನದ ಸ್ವರಕ್ಕೆ ಅನುನಾದ ಕೊಡಬೇಕಾದರೆ ಸುಮಾರು 33 ಸೆಂಟಿಮೀಟರ್ ಇರಬೇಕು. ಎರಡು ಸ್ಥಾಯಿ ಕೆಳಗಿಳಿದರೆ ಅದರ ನಾಲ್ಕು ಪಟ್ಟು. ಪಟ್ಟಿಗಳನ್ನು ಹಗ್ಗದಲ್ಲಿ ಪೋಣಿಸಿರುವುದೂ ಸುಮ್ಮನೆ ಅಲ್ಲ. ತುದಿಯಿಂದ ಉದ್ದದ ಶೇಕಡಾ 22ರಷ್ಟು ಒಳಗೆ, ಎರಡೂ ಕಡೆ, ಪಟ್ಟಿ ಅದುರದ ಜಾಗವೊಂದು ಇರುತ್ತದೆ. ಅಲ್ಲಿ ಹಿಡಿದರೆ ನಾದ ಸಾಯುವುದಿಲ್ಲ. ನಮ್ಮ ಶಾಲೆಯ ಗಂಟೆ ನೆನಪಿದೆಯಲ್ಲ, ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿ? ಜವಾನರು ಬಾರಿಸಿ ಆಚೆ ಹೋದ ಕೂಡಲೇ ಓಡಿ ಹೋಗಿ ಅದನ್ನು ಮುಟ್ಟುತ್ತಿದ್ದೆವು. ನಡುವೆ ಮುಟ್ಟಿದರೆ ಗಪ್ ಚಿಪ್. ಒಂದು ಜಾಗದಲ್ಲಿ ಮುಟ್ಟಿದರೆ ಮಾತ್ರ ಬೆರಳಡಿಯಲ್ಲೇ ಗುಂಯ್ ಎನ್ನುತ್ತಿತ್ತು. ಯಾಕೆಂದು ತಿಳಿದದ್ದು ಬಿಇ ಮುಗಿಸಿ ಎಷ್ಟೋ ವರ್ಷಗಳ ಮೇಲೆ, ಆ ಬೀದಿಯಲ್ಲಿ.

ಮರದ ಪಟ್ಟಿ ಬಡಿಯುವ ವಾದ್ಯ ಆಫ್ರಿಕಾದಲ್ಲಿ ಬಹಳ ಹಳೆಯದು. ಮೊಜಾಂಬಿಕ್‌ನ ಚೋಪಿ ಜನರ ತಿಂಬಿಲಾ ವಾದ್ಯಮೇಳವನ್ನು 2005ರಲ್ಲಿ ಯುನೆಸ್ಕೋ ಮನುಕುಲದ ಪರಂಪರೆ ಎಂದು ಘೋಷಿಸಿತು. ಅದಕ್ಕೆ ಪೈಪಿನ ಬದಲು ಸೋರೆ ಬುರುಡೆ. ಆದರೆ ನಾನು ಕಂಡ ಬಗೆಯ ಮಾರಿಂಬಾ ರೂಪುಗೊಂಡದ್ದು ಈಗಿನ ಜಿಂಬಾಬ್ವೆಯ ಬುಲವಾಯೋ ನಗರದ ಕ್ವಾನೊಂಗೋಮಾ ಸಂಗೀತ ಕಾಲೇಜಿನಲ್ಲಿ, 1960ರ ಆಸುಪಾಸು. ಅಲ್ಲಿಯ ಯಾವೊಂದು ಬುಡಕಟ್ಟಿಗೂ ಸೇರದ ವಾದ್ಯ ಎಂಬ ಕಾರಣಕ್ಕೇ ಅದನ್ನು ಆರಿಸಿಕೊಂಡರು. ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂಬ ಪ್ರಶ್ನೆಯೇ ಏಳದ ವಾದ್ಯ. ಈ ವಾಕ್ಯವನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಪ್ರತಿ ಶನಿವಾರ ಹೋಗತೊಡಗಿದೆ. ಹುಡುಗರು ಲಂಗಾದವರು. ಆಫ್ರಿಕನ್ನರನ್ನು ಬೇರೆಯಾಗಿ ಇಡಬೇಕೆಂದೇ ಊರ ಹೊರಗೆ ಕಟ್ಟಿದ ಬಡಾವಣೆ ಅದು. ಎಲ್ಲಿ ಅಂದರೆ ಹೆಮ್ಮೆಯಿಂದ 'ಲಂಗಾ' ಅನ್ನುವರು. ಕಚೇರಿ ಮುಗಿಸಿದವರು, ಪ್ರವಾಸಿಗರು, ಬ್ಯಾಂಕಿನ ಸೆಕ್ಯುರಿಟಿ, ಎಲ್ಲರೂ ನಿಂತು ಕುಣಿಯುವರು. ಒಂದು ದಿನ ವಿರಾಮದಲ್ಲಿ ಪೆಟ್ಟಿಗೆಯ ಮೇಲಿನ ಹುಡುಗ ನನ್ನನ್ನು ಕೇಳಿದ: "ಲೆಕ್ಕ ತಪ್ಪದೆ ಕಾಲು ಹಾಕುತ್ತೀಯಲ್ಲ, ನಿಮ್ಮ ಮನೆಯಲ್ಲಿ ಯಾರು ನುಡಿಸುತ್ತಾರೆ?"

ಊರಿನವರಿಗೆಲ್ಲ ಉತ್ತರ ಗೊತ್ತು. ನಮ್ಮಪ್ಪ ತಮಟೆ ಬಡಿಯುವವರು. ಜಾತ್ರೆಗೆ, ಮೆರವಣಿಗೆಗೆ, ಸಾವಿಗೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯ ಗಣಪತಿ ಬಿಡುವ ದಿನ ಮೆರವಣಿಗೆಯ ಮುಂದೆ ಅಪ್ಪ ಬಡಿಯುತ್ತಿದ್ದರು. ಹೊರ ಊರಿಂದ ಹೊಸದಾಗಿ ಸೇರಿದ್ದ ಗೆಳೆಯನೊಬ್ಬ "ಯಾರೋ ಅವರು, ಏನು ಹೊಡೀತಾರೋ!" ಅಂದ. "ಗೊತ್ತಿಲ್ಲ" ಅಂದೆ. ಅಪ್ಪನಿಗೆ ಕೇಳಿಸುವಷ್ಟು ಹತ್ತಿರದಲ್ಲಿದ್ದೆವು. ತಾಳ ಒಂದು ಪೆಟ್ಟೂ ತಪ್ಪಲಿಲ್ಲ. ಮನೆಯಲ್ಲಿ ಆ ಮಾತು ಎಂದೂ ಬರಲಿಲ್ಲ. ಕೆಲಸ ಸಿಕ್ಕಿದ ವರ್ಷ ನಾನೇ ಅವರಿಗೆ "ಇನ್ನು ಅದೆಲ್ಲ ಸಾಕು" ಎಂದು ಹೇಳಿ, ತಮಟೆಯನ್ನು ಅಟ್ಟಕ್ಕೆ ಹಾಕಿಸಿದೆ.

ಆ ಹುಡುಗನಿಗೆ "ನಮ್ಮ ತಂದೆ" ಎಂದೆ. ಅವನು ತಂಡದವರಿಗೆಲ್ಲ ಕೂಗಿ ಹೇಳಿದ. ಕೋಲು ನನ್ನ ಕೈಗೆ ಕೊಟ್ಟರು. ಎರಡು ಪಟ್ಟಿ ತೋರಿಸಿ, ಇದನ್ನಷ್ಟೇ ಬಿಡದೆ ಹೊಡಿ ಎಂದರು. ಮೂರು ನಿಮಿಷ ಹೊಡೆದೆ. ಡಬ್ಬಿಗೆ ಯಾರೋ ಹಾಕಿದ ಐದು ರಾಂಡ್ ನಾಣ್ಯವನ್ನು ಅವರು ನನಗೇ ಕೊಟ್ಟುಬಿಟ್ಟರು, ನಿನ್ನ ಪಾಲು ಎಂದು.

ಅಂದು ರಾತ್ರಿ ಮನೆಗೆ ಫೋನ್ ಮಾಡಿದೆ. ನಮ್ಮಲ್ಲಿ ಹನ್ನೆರಡು ಮೀರಿತ್ತು, ಅಪ್ಪ ಗಾಬರಿಯಾಗಿ ಎದ್ದರು. ಹೇಳಬೇಕೆಂದುಕೊಂಡದ್ದು ಒಂದೂ ಬಾಯಿಗೆ ಬರಲಿಲ್ಲ. "ಅಟ್ಟದ ಮೇಲಿರೋದು ಇಲಿ ಕಡಿದಿಲ್ವಾ?" ಎಂದಷ್ಟೇ ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದನ್ನ ನೀನು ಹೋದ ವಾರದಲ್ಲೇ ಇಳಿಸಿ ಇಟ್ಕೊಂಡೆ ಕಣೋ" ಅಂದರು.

ಆ ನಾಣ್ಯ ಈಗ ಅವರ ಅಂಗಿ ಜೇಬಿನಲ್ಲಿದೆ. ಅವರು ಅಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದಾರೆ, ತಮಟೆಯನ್ನೂ ತಂದಿದ್ದಾರೆ. ನಿನ್ನೆಯ ಮಳೆಗೆ ಚರ್ಮ ಸಡಿಲಾಗಿದೆ, ಕಾಯಿಸಬೇಕು. ಬಿಸಿಯೂಟದ ಕೋಣೆಯ ಹಿಂದೆ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಾಕಿಕೊಳ್ಳಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಹತ್ತು ನಿಮಿಷ ಸಮಯ ಕೊಡಿ.